ವರ್ಗಮೂಲಗಳನ್ನು ಕೂಡುವುದು, ಕಳೆಯುವುದು

√9 + √16 ಎಷ್ಟು? ಒಂದೊಂದನ್ನೇ ಬಿಡಿಸಿದರೆ 3 + 4 = 7. ಒಳಗಿನ ಸಂಖ್ಯೆಗಳನ್ನು ಮೊದಲೇ ಕೂಡಿಬಿಟ್ಟರೆ √25, ಅಂದರೆ 5. ಸರಿಯುತ್ತರ 7. ಗುಣಾಕಾರದಲ್ಲಿ √2 × √8 = √16 ಎಂದು ಒಂದೇ ಚಿಹ್ನೆಯೊಳಗೆ ಸೇರಿಸಬಹುದು; ಆ ರೂಢಿಯೇ ಸಂಕಲನಕ್ಕೂ ನುಗ್ಗಿ ಲೆಕ್ಕ ಕೆಡಿಸುತ್ತದೆ.

√5ರಂತೆ ಪೂರ್ತಿ ಬಿಡಿಸಲಾಗದ ಮೂಲಗಳಿಗೆ ಕರಣಿ ಎನ್ನುತ್ತಾರೆ. ಕೂಡಲು, ಕಳೆಯಲು ಸಮರೂಪ ಕರಣಿಗಳೇ ಬೇಕು. ಚಿಹ್ನೆಯ ಒಳಗಿನ ಸಂಖ್ಯೆ, ಅಂದರೆ ಕರಣೀಯ, ಒಂದೇ ಇರಬೇಕು. 3√5 + 4√5 ಎಂದರೆ (3 + 4)√5 = 7√5. ಹೊರಗಿನ ಸಹಗುಣಕಗಳನ್ನಷ್ಟೇ ಕೂಡಿ, ಒಳಗಿನ 5 ಅನ್ನು ಮುಟ್ಟಬೇಡಿ. ಮುಂದೆ ಏನೂ ಬರೆದಿಲ್ಲದಿದ್ದರೆ ಸಹಗುಣಕ 1: 5√3 − √3 = 4√3. ಇದನ್ನು 5 ಎಂದು ಬರೆಯುವವರು ಕಡಿಮೆಯೇನಿಲ್ಲ.

ಕರಣೀಯಗಳು ಬೇರೆಬೇರೆ ಕಂಡರೂ ಕೈಚೆಲ್ಲಬೇಡಿ. 2√45 − √20 + 3√80 ತೆಗೆದುಕೊಳ್ಳಿ. ಪ್ರತಿ ಕರಣೀಯವನ್ನೂ ಭಾಗಿಸುವ ಅತಿ ದೊಡ್ಡ ಪೂರ್ಣವರ್ಗ ಹುಡುಕಿ (4, 9, 16, 25, 36, 49 ಬಾಯಿಪಾಠ ಇದ್ದರೆ ಸಾಕು):

√45 = √(9 × 5) = 3√5
√20 = √(4 × 5) = 2√5
√80 = √(16 × 5) = 4√5

ಹೊರಗೆ ಬಂದ ಸಂಖ್ಯೆಯನ್ನು ಮೊದಲೇ ಇದ್ದ ಸಹಗುಣಕದಿಂದ ಗುಣಿಸಬೇಕು, ಕೂಡಬಾರದು: 2 × 3√5 = 6√5, 3 × 4√5 = 12√5. ಒಟ್ಟು 6√5 − 2√5 + 12√5 = 16√5.

ಅತಿ ದೊಡ್ಡ ವರ್ಗ ತಪ್ಪಿಸಿಕೊಂಡರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. √72 ಅನ್ನು 2√18 ಎಂದು ಬಿಟ್ಟರೆ ಪಕ್ಕದ √2 ಜೊತೆ ಕೂಡಲಾಗದು ಅನಿಸುತ್ತದೆ. 18ರಲ್ಲಿ ಇನ್ನೂ 9 ಇದೆ, ಹಾಗಾಗಿ 6√2. ಅನುಮಾನವಿದ್ದರೆ ಅವಿಭಾಜ್ಯ ಅಪವರ್ತನ ಮಾಡಿ: 72 = 2 × 2 × 2 × 3 × 3. ಪ್ರತಿ ಜೋಡಿಯಿಂದ ಒಂದು ಹೊರಗೆ, ಒಂಟಿ ಉಳಿದದ್ದು ಒಳಗೆ.

ಎರಡು ಕರಣಿಗಳು ಒಂದಾಗುತ್ತವೆಯೇ ಎಂದು ಮೊದಲೇ ತಿಳಿಯುವ ಉಪಾಯವೊಂದಿದೆ: ಕರಣೀಯಗಳ ಗುಣಲಬ್ಧ ಪೂರ್ಣವರ್ಗವಾದರೆ ಹೌದು. √12, √75ಕ್ಕೆ 12 × 75 = 900, ಅಂದರೆ 30ರ ವರ್ಗ; ಕೂಡಿದರೆ 2√3 + 5√3 = 7√3. √3, √7ಕ್ಕೆ ಗುಣಲಬ್ಧ 21, ವರ್ಗವಲ್ಲ. √3 + √7 ಎಂದೇ ಬಿಡಿ, ಅದೇ ಅಂತಿಮ ಉತ್ತರ. 12ನೇ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ ಗ್ರಂಥದಲ್ಲಿ ಈ ದಾರಿಯಲ್ಲೇ ನೇರವಾಗಿ ಕೂಡುವ ಸೂತ್ರವಿದೆ: ಕರಣೀಯಗಳ ಮೊತ್ತಕ್ಕೆ ಗುಣಲಬ್ಧದ ವರ್ಗಮೂಲದ ಎರಡರಷ್ಟನ್ನು ಸೇರಿಸಿ ಮೂಲ ತೆಗೆಯಿರಿ. 2 ಮತ್ತು 8ಕ್ಕೆ 10 + 2√16 = 18, ಉತ್ತರ √18. ವ್ಯತ್ಯಾಸ ಬೇಕಿದ್ದರೆ ಸೇರಿಸುವ ಬದಲು ಕಳೆಯಿರಿ: 10 − 8 = 2, ಉತ್ತರ √2.

ಭಿನ್ನರಾಶಿ ಬಂದಾಗ ಮೊದಲು ಛೇದವನ್ನು ಅಕರಣೀಕರಿಸಿ, ಅಂದರೆ ಅಂಶ, ಛೇದ ಎರಡನ್ನೂ ಛೇದದ ಮೂಲದಿಂದಲೇ ಗುಣಿಸಿ ಛೇದದಿಂದ ಮೂಲಚಿಹ್ನೆ ತೆಗೆಯಿರಿ. √8 + 1/√2ರಲ್ಲಿ 1/√2 = √2/2; ಆಗ 2√2 + √2/2 = 5√2/2.

ಆವರಣಕ್ಕೆ ಮೊದಲು ಋಣಚಿಹ್ನೆ ಇದ್ದರೆ ಒಳಗಿನ ಎರಡೂ ಪದಗಳ ಚಿಹ್ನೆ ಬದಲಾಗುತ್ತದೆ: 7√2 − (3√2 − √5) = 4√2 + √5. ಉತ್ತರದ ಮೇಲೆ ಶಂಕೆಯಿದ್ದರೆ √2 ≈ 1.414, √5 ≈ 2.236 ಹಾಕಿ ನೋಡಿ: 9.898 − (4.242 − 2.236) = 7.892, ಅತ್ತ 5.656 + 2.236 ಕೂಡ 7.892.