ಬಾವುಟಗುಡ್ಡೆಯಿಂದ ದಕ್ಕೆಗೆ: ಹಳೇ ಮಂಗಳೂರನ್ನು ಇಳಿದು ನೋಡುವ ಕ್ರಮ

ಹಳೇ ಪೇಟೆ ನೋಡಲು ನಾನು ಯಾವಾಗಲೂ ಗುಡ್ಡೆಯಿಂದ ಕೆಳಗಿಳಿಯುತ್ತೇನೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಳಿದು ಅಲ್ಲಿಂದಲೇ ಹತ್ತಲು ಶುರುಮಾಡಿದರೆ ಗುಡ್ಡೆ ಮೇಲಿನ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್ ಮುಟ್ಟುವಾಗ ಅಂಗಿ ಪೂರಾ ಒದ್ದೆ, ಆಮೇಲೆ ನೋಡುವ ತಾಳ್ಮೆ ಎಲ್ಲಿಂದ? ರಿಕ್ಷಾದಲ್ಲಿ ನೇರ ಬಾವುಟಗುಡ್ಡೆಗೆ ಹೋಗಿ. ಬಂದರಿನ ದಕ್ಕೆ, ಅಂದರೆ ಮೀನುದೋಣಿ ನಿಲ್ಲುವ ಕಟ್ಟೆಯವರೆಗೆ ಸುಮಾರು 2 ಕಿ.ಮೀ., ಹೆಚ್ಚಿನದು ಇಳಿಜಾರು. ನಿಧಾನವಾಗಿ ನೋಡುವುದಾದರೆ ಮೂರು ಗಂಟೆ ಬೇಕು.

1837ರಲ್ಲಿ ಅಮರಸುಳ್ಯದ ರೈತರು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಜಾಗ ಈ ಬಾವುಟಗುಡ್ಡೆ. ಟಾಗೋರ್ ಪಾರ್ಕಿಗೂ ಹಳೇ ದೀಪಸ್ತಂಭಕ್ಕೂ ಹತ್ತು ನಿಮಿಷ ಸಾಕು.

ಹೊತ್ತು ಉಳಿಸಬೇಕಾದದ್ದು ಅಲೋಶಿಯಸ್ ಚಾಪೆಲಿಗೆ. ಇಟಲಿಯ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಇಲ್ಲಿನ ಚಿತ್ರಗಳಿಗೆ ಕೈಹಾಕಿದ. ಗೋಡೆಯವು ಹಸಿ ಗಾರೆಯ ಮೇಲೆ ಬರೆದದ್ದು, ಬಣ್ಣ ಸುಣ್ಣದೊಳಗೇ ಇಳಿದಿದೆ. ಮೇಲ್ಛಾವಣಿಯವು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ನಿಂತು ಮೇಲೆ ನೋಡಿದರೆ ಐದೇ ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ. ಹಿಂದಿನ ಬೆಂಚಿನಲ್ಲಿ ಒರಗಿ ಕೂತು ಒಂದೊಂದೇ ಚೌಕ ನೋಡಿ. ಒಳಗೆ ಕ್ಯಾಮರಾ ತೆಗೆಯುವಂತಿಲ್ಲ. ಬಲಿಪೂಜೆ (ಚರ್ಚಿನ ಮಾಸ್) ಇದ್ದರೆ ಹೊರಗೆ ಕಾಯಬೇಕು.

ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್ ಚರ್ಚು, 1680ರಲ್ಲಿ ಸ್ಥಾಪನೆಯಾದದ್ದು. ಭಾನುವಾರ ಬೆಳಿಗ್ಗೆ ಬಿಟ್ಟು ಬೇರೆ ದಿನ ಹೋಗಿ. ಟೌನ್‌ಹಾಲ್, ನೆಹರೂ ಮೈದಾನ ದಾರಿಯಲ್ಲೇ ಸಿಗುತ್ತವೆ. ಅಲ್ಲೇ ಎಲ್ಲಾದರೂ ಚಹಾ, ಗೋಳಿಬಜೆ ಮುಗಿಸಿಕೊಳ್ಳಿ, ಬಂದರಿನ ಗಲ್ಲಿಯಲ್ಲಿ ಕೂರಲು ಜಾಗ ಕಡಿಮೆ.

ಬಂದರಿಗೆ ಬೆಳಿಗ್ಗೆ ಹತ್ತರೊಳಗೆ ಮುಟ್ಟಬೇಕು. ಆಮೇಲೆ ಲಾರಿಗಳು ನಿಂತು ಹಳೇ ಗೋದಾಮುಗಳ ಗೋಡೆಯೇ ಕಾಣುವುದಿಲ್ಲ, ಮೂಟೆ ಹೊತ್ತವರಿಗೆ ನೀವೊಂದು ಅಡ್ಡಿ. ಭಾನುವಾರ ಗಲ್ಲಿ ಖಾಲಿ, ಆದರೆ ಗೋದಾಮಿನ ಬಾಗಿಲೂ ಹಾಕಿರುತ್ತದೆ. ನನಗೆ ವಾರದ ದಿನವೇ ಸರಿ. ಶುಕ್ರವಾರ ಮಾತ್ರ ಮಧ್ಯಾಹ್ನದ ನಮಾಜಿಗೆ ಮುಂಚೆಯೇ ಝೀನತ್ ಭಕ್ಷ್ ಮಸೀದಿ ಬದಿಯಿಂದ ಹೊರಬಂದುಬಿಡಿ.

ಗೋದಾಮಿನವರನ್ನು ಕೇಳಿ ಒಳಹೋದರೆ ಕತ್ತೆತ್ತಿ ಮಾಡು ನೋಡಿ. ಹೆಂಚಿನ ಮೇಲೆ ಒತ್ತಿದ ಕಾರ್ಖಾನೆಯ ಅಚ್ಚು ಇರುವುದು ಅಡಿಭಾಗದಲ್ಲಿ. ಹಾಗಾಗಿ ರಸ್ತೆಯಿಂದ ಎಷ್ಟು ನೋಡಿದರೂ ಕಾಣದ್ದು, ಸೀಲಿಂಗ್ ಹೊಡೆಯದ ಕೋಣೆಯಲ್ಲಿ ರೀಪಿನ (ಹೆಂಚು ಕೂರಿಸುವ ಮರದ ಪಟ್ಟಿ) ನಡುವೆ ಕಾಣುತ್ತದೆ. ಮೊಬೈಲಿನ ಬೆಳಕನ್ನು ಅಡ್ಡಕ್ಕೆ ಹಿಡಿದರೆ ಅಕ್ಷರ ಎದ್ದು ನಿಲ್ಲುತ್ತದೆ. ಇಲ್ಲಿ ಹೆಂಚಿನ ಕಾರ್ಖಾನೆ ನಡೆಸಿದ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನ ಹೆಂಚಿನಲ್ಲಿ 1865 ಅಂತ ಇದ್ದರೆ ಅದು ಹೆಂಚಿನ ವಯಸ್ಸು ಅಂದುಕೊಳ್ಳಬೇಡಿ, ಕಾರ್ಖಾನೆ ಶುರುವಾದ ವರ್ಷ. ಹೆಚ್ಚಿನವರು ಇಲ್ಲೇ ಎಡವುವುದು.

ಮಳೆಗಾಲದಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ, ದಕ್ಕೆಯ ನೆಲದಲ್ಲಿ ಮೀನಿನ ನೀರು ಬೇರೆ. ಹಿಂಬದಿ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿ. ನದಿಯಾಚೆಯ ಬೆಂಗ್ರೆಗೆ ಫೆರಿ ಹತ್ತುವುದಾದರೆ ಚಿಲ್ಲರೆ ಇಟ್ಟುಕೊಳ್ಳಿ.