ನಾಲ್ಕು ವೈರ್, ಆರು ಜಾಗ: ಬೈನರಿ ಇನ್‌ಪುಟ್‌ನಲ್ಲಿ ಸರ್ವೋ ಓಡಿಸಿದ ಅನುಭವ

ಹಳೇ ಮಷೀನಿಗೆ ಹೊಸ ಸರ್ವೋ ಡ್ರೈವ್ (ಮೋಟರನ್ನು ಹೇಳಿದ ಜಾಗಕ್ಕೆ ಓಡಿಸಿ ನಿಲ್ಲಿಸುವ ಸಾಧನ) ಹಾಕುವ ಕೆಲಸ. ಮಷೀನ್ ನಡೆಸುವ ಕಂಟ್ರೋಲರ್, ಅಂದರೆ ಪಿಎಲ್‌ಸಿಯಲ್ಲಿ ನೆಟ್‌ವರ್ಕ್ ಪೋರ್ಟ್ ಇರಲಿಲ್ಲ. 24 ವೋಲ್ಟಿನ ಕೆಲವು ರಿಲೇ ಔಟ್‌ಪುಟ್‌ಗಳು ಮಾತ್ರ ಖಾಲಿ ಇದ್ದವು. ಮೋಟರ್ ಓಡಿಸುವ ಸ್ಲೈಡ್ (ಜಾರುವ ಭಾಗ) ಆರು ಜಾಗಗಳಲ್ಲಿ ನಿಲ್ಲಬೇಕು. ಜಾಗಕ್ಕೊಂದು ವೈರ್ ಎಳೆಯುವ ಬದಲು ಬೈನರಿ ಆಯ್ಕೆಗೆ ಹೋದೆ. ನಾಲ್ಕು ಇನ್‌ಪುಟ್‌ಗಳ ಬೆಲೆ 1, 2, 4, 8. ಯಾವುದು ಆನ್ ಇದೆಯೋ ಅವನ್ನು ಕೂಡಿಸಿದರೆ 0ಯಿಂದ 15ರವರೆಗೆ ಒಂದು ನಂಬರ್ ಬರುತ್ತದೆ. ಡ್ರೈವ್ ತನ್ನ ಟೇಬಲ್‌ನಲ್ಲಿ ಆ ಸಾಲು ನೋಡಿ ಅಲ್ಲಿಗೆ ಓಡುತ್ತದೆ.

ಕೇಳೋಕೆ ಸುಲಭ, ಅಲ್ವಾ? ತೊಂದರೆ ಇರುವುದು ನಂಬರ್ ಬದಲಾಗುವ ಆ ಕ್ಷಣದಲ್ಲಿ. 7ರಿಂದ 8ಕ್ಕೆ ಹೋಗುವಾಗ ಮೂರು ಬಿಟ್ (ಅಂದರೆ ಇನ್‌ಪುಟ್) ಆಫ್ ಆಗಿ ಒಂದು ಆನ್ ಆಗಬೇಕು. ರಿಲೇಗಳು ಎಲ್ಲವೂ ಒಟ್ಟಿಗೆ ಬಡಿಯುವುದಿಲ್ಲ. ಸಿಗ್ನಲ್ ತೋರಿಸುವ ಆಸಿಲ್ಲೋಸ್ಕೋಪ್ ಹಾಕಿ ನೋಡಿದರೆ ಒಂದು ಬಿಟ್‌ಗೂ ಇನ್ನೊಂದಕ್ಕೂ ಕೆಲವು ಮಿಲಿಸೆಕೆಂಡ್ ಅಂತರ ಕಾಣುತ್ತದೆ, ರಿಲೇಯ ಕಾಂಟ್ಯಾಕ್ಟ್ ತಾಗಿ ಬಿಟ್ಟು ಕುಣಿಯುವುದು ಬೇರೆ. 8 ಮೊದಲು ಬಂದು ಉಳಿದ ಮೂರು ಇನ್ನೂ ಬಿಟ್ಟಿರದಿದ್ದರೆ ಡ್ರೈವ್ ಓದುವುದು 15. ಮೊದಲು ಬಿಟ್ಟರೆ 0. ಇಷ್ಟು ಚಿಕ್ಕ ಹೊತ್ತಿನಲ್ಲೇ ಡ್ರೈವ್ ಹಲವು ಸಲ ಇನ್‌ಪುಟ್ ನೋಡಿಬಿಟ್ಟಿರುತ್ತದೆ.

ಹಾಗಾಗಿ 'ಯಾವುದು' ಎಂದು ಹೇಳುವ ವೈರ್‌ಗಳು ಬೇರೆ, 'ಈಗ' ಎಂದು ಹೇಳುವ ವೈರ್ ಬೇರೆ ಇಟ್ಟೆ. ಈ ಐದನೆಯದೇ ಸ್ಟ್ರೋಬ್. ಪಿಎಲ್‌ಸಿ ಮೊದಲು ನಾಲ್ಕು ಬಿಟ್ ಹಾಕುತ್ತದೆ, 50 ಮಿಲಿಸೆಕೆಂಡ್ ಕಾಯುತ್ತದೆ, ಆಮೇಲೆ ಸ್ಟ್ರೋಬ್ ಎತ್ತುತ್ತದೆ. ಡ್ರೈವ್ ನಂಬರ್ ಓದಿಕೊಂಡು 'ಬಿಜಿ' (ಕೆಲಸದಲ್ಲಿದ್ದೇನೆ) ಔಟ್‌ಪುಟ್ ಆನ್ ಮಾಡುತ್ತದೆ. ಅದು ಕಂಡ ಮೇಲೆ ಮಾತ್ರ ಪಿಎಲ್‌ಸಿ ಸ್ಟ್ರೋಬ್ ಇಳಿಸುತ್ತದೆ. ಇದರಿಂದ ಇನ್‌ಪುಟ್ ಫಿಲ್ಟರ್ (ಚಿಕ್ಕ ಏರಿಳಿತ ಕಡೆಗಣಿಸಲು ಡ್ರೈವ್ ಕಾಯುವ ಹೊತ್ತು) ಎಷ್ಟಿದೆ, ಸ್ಟ್ರೋಬ್ ಎಷ್ಟು ಹೊತ್ತು ಇರಬೇಕು ಅನ್ನೋ ತಲೆನೋವೇ ಇಲ್ಲ. ಬಿಜಿ ಬರದೇ ಹೋದರೆ ಟೈಮರ್ ಮುಗಿದು ಅಲಾರಂ.

ಸ್ಟ್ರೋಬ್ ಅನ್ನು ಲೆವೆಲ್‌ಗೆ (ಆನ್ ಇದೆಯೇ ಎಂದಷ್ಟೇ ನೋಡುವುದಕ್ಕೆ) ಬಿಡದೆ ಏರುವ ಅಂಚಿಗೆ (ಆಫ್‌ನಿಂದ ಆನ್ ಆಗುವ ಕ್ಷಣಕ್ಕೆ) ಸೆಟ್ ಮಾಡಿದೆ. ಲೆವೆಲ್ ಆದರೆ ಸ್ಟ್ರೋಬ್ ಹೇಗೋ ಆನ್ ಆಗೇ ಉಳಿದಿದ್ದಾಗ ಡ್ರೈವ್ ಎನೇಬಲ್ ಮಾಡಿದ (ಮೋಟರ್ ಓಡಲು ಅನುಮತಿ ಕೊಟ್ಟ) ಕೂಡಲೇ ಸ್ಲೈಡ್ ಓಡಿಬಿಡುತ್ತದೆ. ಹತ್ತಿರ ಯಾರ ಕೈ ಇರುತ್ತದೋ ಯಾರಿಗೆ ಗೊತ್ತು. ಎಮರ್ಜೆನ್ಸಿ ಸ್ಟಾಪ್ ಈ ಆಟಕ್ಕೆ ಸೇರಲೇಬಾರದು. ಅದು ಸೇಫ್ಟಿ ರಿಲೇಯಿಂದ ನೇರವಾಗಿ ಡ್ರೈವ್‌ನ ಎಸ್‌ಟಿಒಗೆ (ಮೋಟರ್‌ಗೆ ಬಲ ಹೋಗದಂತೆ ತಡೆಯುವ ಸುರಕ್ಷತಾ ಇನ್‌ಪುಟ್) ಹೋಗುತ್ತದೆ.

ನನಗೆ ಜಾಸ್ತಿ ಇಷ್ಟವಾದ ಭಾಗ ನಂಬರ್‌ಗಳ ಆಯ್ಕೆ. 5 ಕಳಿಸುವಾಗ 1ರ ವೈರ್ ಸಡಿಲವಾಗಿದ್ದರೆ ಡ್ರೈವ್‌ಗೆ ಕಾಣುವುದು 4. ಅದೂ ಸರಿಯಾದ ಸಾಲೇ ಆಗಿದ್ದರೆ ಸ್ಲೈಡ್ ಸದ್ದಿಲ್ಲದೆ ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತದೆ. ಸುಮ್ನೆ 1ರಿಂದ 6 ಬಳಸುವ ಬದಲು ಸರಿಯಾಗಿ ಎರಡೇ ಬಿಟ್ ಆನ್ ಇರುವ ನಂಬರ್‌ಗಳನ್ನು ಆರಿಸಿದೆ: 3, 5, 6, 9, 10, 12. ಲೆಕ್ಕ ಹಾಕಿದಂತೆ ಆರು! ಒಂದು ವೈರ್ ಕಿತ್ತರೆ ಒಂದೇ ಬಿಟ್ ಉಳಿಯುತ್ತದೆ, ಒಂದು 24 ವೋಲ್ಟಿಗೆ ಅಂಟಿಕೊಂಡರೆ ಮೂರಾಗುತ್ತದೆ. ಉಳಿದ ಹತ್ತು ಸಾಲುಗಳಲ್ಲೂ 'ಓಡಬೇಡ, ಅಲಾರಂ ಕೊಡು' ಎಂದು ಬರೆದೆ, 0 ಸೇರಿ. ಹಾಗಂತ ಸ್ಟ್ರೋಬ್ ಬಿಡುವಂತಿಲ್ಲ. 3ರಿಂದ 12ಕ್ಕೆ ಹೋಗುವ ದಾರಿಯಲ್ಲಿ ಒಂದು ಕ್ಷಣ 6 ಬರಬಹುದು.

ವೈರಿಂಗ್ ಪರೀಕ್ಷೆಗೆ ಮೋಟರ್ ಆಫ್ ಇಟ್ಟು, ಲ್ಯಾಪ್‌ಟಾಪಿನಲ್ಲಿ ಡ್ರೈವ್‌ನ ಇನ್‌ಪುಟ್ ಮಾನಿಟರ್ ತೆರೆದು, 1, 2, 4, 8 ಒಂದೊಂದಾಗಿ ಕಳಿಸಿದೆ. ಬಳಸುವ ನಂಬರ್‌ಗಳಲ್ಲಿ ಒಂದೆರಡನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ. 2 ಮತ್ತು 4ರ ವೈರ್ ಅದಲುಬದಲಾಗಿದ್ದರೂ 6 ಸರಿಯಾಗಿಯೇ ಬರುತ್ತದೆ, 9 ಕೂಡ. ಆದರೆ 3 ಕಳಿಸಿದರೆ 5 ಆಗಿರುತ್ತದೆ, ಅಲಾರಂ ಕೂಡ ಬರುವುದಿಲ್ಲ. ಆಮೇಲೆ ಒಂದೊಂದೇ ವೈರ್ ಬಿಚ್ಚಿ, ಪ್ರತಿ ಸಲವೂ ಅಲಾರಂ ಬರುತ್ತದೆಯೇ ನೋಡಿದೆ.

ಈಗ ಏಳನೇ ಜಾಗ ಬೇಕು ಎನ್ನುತ್ತಿದ್ದಾರೆ. ಇನ್ನೊಂದು ಆಯ್ಕೆಯ ವೈರ್ ಸೇರಿಸಿದರೆ ಎರಡು ಬಿಟ್‌ಗಳ ಜೋಡಿ ಹತ್ತಾಗುತ್ತವೆ. ಡ್ರೈವ್‌ನಲ್ಲಿ ಒಂದು ಇನ್‌ಪುಟ್ ಖಾಲಿ ಇದೆ. ಪಿಎಲ್‌ಸಿ ಕಡೆ ಮಾತ್ರ ಒಂದು ಲ್ಯಾಂಪ್‌ನ ಔಟ್‌ಪುಟ್ ಕಸಿದುಕೊಳ್ಳಬೇಕು.