ಒಡೆದ ಕಲ್ಲನ್ನು ಓದುವುದು ಹೇಗೆ?

ಶಿಲಾಯುಗದ ಆಯುಧಗಳನ್ನು ಬರೀ ಪುಸ್ತಕ ನೋಡಿ ಕಲಿಯಲು ಆಗುವುದಿಲ್ಲ. ಕಲ್ಲು ಕೈಗೆ ಬರಬೇಕು. ಮೈಸೂರಿನವರಿಗೆ ಇದು ದೂರದ ಮಾತೇನಲ್ಲ. ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಯೂ ಇದೇ ಊರಲ್ಲಿದೆ.

ಮೊದಲು ಒಂದು ಉಪನ್ಯಾಸ ಕೇಳಿ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ, ಮೇ 18ರ ವಸ್ತುಸಂಗ್ರಹಾಲಯ ದಿನ, ನವೆಂಬರ್ 19ರಿಂದ 25ರ ಪರಂಪರೆ ಸಪ್ತಾಹ. ಈ ಹೊತ್ತಿಗೆ ಇಂಥ ಕಾರ್ಯಕ್ರಮ ಜಾಸ್ತಿ. ಅಲ್ಲಿ ಇಸವಿ ಬರೆದುಕೊಳ್ಳುತ್ತಾ ಕೂರಬೇಡಿ. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧ ಗುರುತಿಸಿದ್ದು ಎಲ್ಲಿ ಬೇಕಾದರೂ ಸಿಗುವ ಮಾಹಿತಿ. ನೀವು ಕೇಳಬೇಕಾದ್ದು ಒಂದೇ: ‘ಇದನ್ನು ಮನುಷ್ಯನೇ ಒಡೆದದ್ದು ಅಂತ ಹೇಗೆ ಹೇಳ್ತೀರಿ?’ ಸ್ಲೈಡ್ ಬಿಟ್ಟು ಕಲ್ಲು ಕೈಗೆ ಕೊಟ್ಟು ಉತ್ತರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಆ ಉತ್ತರ ಸರಿಯಾಗಿ ಅರ್ಥವಾಗುವುದು ಕಲ್ಲು ಒಡೆದು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ. ಒಂದು ಕೈಯಲ್ಲಿ ಒಡೆಯಬೇಕಾದ ಕಲ್ಲು, ಇನ್ನೊಂದರಲ್ಲಿ ಹೊಳೆಯ ಗುಂಡುಕಲ್ಲು. ಪೆಟ್ಟು ಬೀಳುವುದು ನಡುವಿಗಲ್ಲ, ಅಂಚಿಗೆ. ಆ ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಚಕ್ಕೆ ಏಳುವುದಿಲ್ಲ. ಸರಿಯಾಗಿ ಬಿದ್ದರೆ ಕೆಳಗಡೆಯಿಂದ ತೆಳ್ಳಗಿನ ಚಕ್ಕೆ ಕಳಚಿ ಬೀಳುತ್ತದೆ. ಅದರ ಒಳಮೈಯನ್ನು ಹೆಬ್ಬೆರಳಿನಿಂದ ಸವರಿ. ಪೆಟ್ಟು ಬಿದ್ದ ಜಾಗದ ಕೆಳಗೇ ಸಣ್ಣದೊಂದು ಉಬ್ಬು. ಕುಕ್ಕರಹಳ್ಳಿ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಆ ಉಬ್ಬಿನಿಂದ ಬಳೆಬಳೆಯಾಗಿ ಗೆರೆಗಳು. ಮೂಲ ಕಲ್ಲಿನಲ್ಲಿ ಇದಕ್ಕೆ ಜೋಡಿಯಾಗಿ ಒಂದು ತಗ್ಗು ಉಳಿದಿರುತ್ತದೆ.

ಈಗ ಮನೆ ಕಟ್ಟುವ ಕಡೆ ಹೋಗಿ ಜೆಲ್ಲಿ ರಾಶಿ ನೋಡಿ. ಅಲ್ಲೂ ಕೆಲವದರಲ್ಲಿ ಇದೇ ಉಬ್ಬು ಸಿಗುತ್ತದೆ! ಕ್ರಷರ್ ಕೂಡ ಪೆಟ್ಟೇ ಕೊಡುವುದು ಅಲ್ವಾ? ಹಾಗಾಗಿ ಒಂದು ಉಬ್ಬು ಕಂಡ ಕೂಡಲೇ ಆಯುಧ ಅನ್ನಬೇಡಿ. ಒಂದೇ ಅಂಚಿನ ಉದ್ದಕ್ಕೂ, ಒಂದು ಉದ್ದೇಶ ಇಟ್ಟುಕೊಂಡಂತೆ, ಸಾಲಾಗಿ ಚಕ್ಕೆ ಎಬ್ಬಿಸಿದ್ದಾರಾ ನೋಡಿ. ಕೈಗೊಡಲಿ, ಅಂದರೆ ಕಾವಿಲ್ಲದೆ ಕೈಯಲ್ಲೇ ಹಿಡಿದು ಬಳಸುತ್ತಿದ್ದ ಆಯುಧದಲ್ಲಿ ಎರಡೂ ಮೈಯಲ್ಲಿ ಹೀಗಿರುತ್ತದೆ.

ನೀವೇ ಒಡೆಯುವುದಾದರೆ ಕನ್ನಡಕ, ದಪ್ಪ ಕೈಗವಸು, ಮಾಸ್ಕ್ ಇಲ್ಲದೆ ಕೂರಬೇಡಿ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಬಯಲಿನಲ್ಲೇ ಕೂತು ಮಾಡಿ. ನಮ್ಮ ಕಡೆಯ ಗ್ರಾನೈಟ್ ಈ ಕೆಲಸಕ್ಕೆ ಬಾರದು. ಬೆಣಚುಕಲ್ಲು ಪುಡಿಪುಡಿಯಾಗಿ ಸಿಟ್ಟು ಬರಿಸುತ್ತದೆ. ಕಲಿಯುವವರಿಗೆ ದಪ್ಪ ಗಾಜಿನ ಬಾಟಲಿಯ ತಳವೇ ವಾಸಿ. ಕೆಳಗೆ ಟಾರ್ಪಾಲು ಹಾಸಿ, ಚೂರುಗಳನ್ನೆಲ್ಲ ಒಟ್ಟುಮಾಡಿ. ಹೂಳುವುದಾದರೆ ಜೊತೆಗೆ ಈಗಿನ ನಾಣ್ಯವೊಂದನ್ನು ಹಾಕಿ. ಮುಂದೆ ಅಗೆದವರು ಅದನ್ನು ಶಿಲಾಯುಗದ್ದು ಅಂದುಕೊಳ್ಳಬಾರದಲ್ಲ.

ನವಶಿಲಾಯುಗದ ಕೊಡಲಿಯ ಕತೆ ಬೇರೆ. ಮೊದಲು ಚಕ್ಕೆ ಎಬ್ಬಿಸಿ ಆಕಾರ ತರುತ್ತಾರೆ, ಆಮೇಲೆ ಕುಟ್ಟಿ ಕುಟ್ಟಿ ಮೈ ಸಮ ಮಾಡುತ್ತಾರೆ, ಕೊನೆಗೆ ಬಂಡೆಯ ಮೇಲೆ ಉಜ್ಜಿ ನಯ ಮಾಡುತ್ತಾರೆ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಕರಿಯ ಡೋಲರೈಟ್ ಕಲ್ಲಿನಿಂದ ಇಂಥ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು.

ಶಿಲಾಯುಗದ ಜನ ಬಾಳಿದ ನೆಲೆ ನೋಡಲು ತಿ. ನರಸೀಪುರದಿಂದ ಶುರು ಮಾಡಿ, ಕುಂಭಮೇಳದ ದಿನಗಳನ್ನು ಬಿಟ್ಟು. ಕಾವೇರಿ, ಕಪಿಲಾ ಸೇರುವ ಈ ಊರಿನಲ್ಲಿ ಉತ್ಖನನ ನಡೆದು ನವಶಿಲಾಯುಗದ ನೆಲೆ ಸಿಕ್ಕಿತು. ಅದರ ಬಗ್ಗೆ ಪುರಾತತ್ವಜ್ಞ ಎಂ. ಶೇಷಾದ್ರಿ ಅವರ ವರದಿ 1971ರಲ್ಲಿ ಬಂತು. ಅಗೆದ ಗುಂಡಿ ಹುಡುಕಬೇಡಿ. ನೀರು ಎಷ್ಟು ದೂರ, ದಿಣ್ಣೆ ಎಷ್ಟು ಎತ್ತರ, ಹೊಲದ ಮಣ್ಣು ಎಂಥದ್ದು ನೋಡಿ. ಮಳೆ ಬಿದ್ದು ಮಣ್ಣು ತೊಳೆದ ಮೇಲೆ, ಬೆಳಗಿನ ಓರೆ ಬಿಸಿಲಿನಲ್ಲಿ ನಡೆದರೆ ಕಲ್ಲಿನ ಮೇಲಿನ ಗುರುತು ಚೆನ್ನಾಗಿ ಕಾಣುತ್ತದೆ. ಹೊಲದವರನ್ನು ಕೇಳಿಯೇ ಕಾಲಿಡಿ.

ಏನಾದರೂ ಕಂಡರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಮೊಬೈಲ್‌ನಲ್ಲಿ ಜಾಗ ಗುರುತು ಮಾಡಿ, ಅಲ್ಲೇ ಬಿಡಿ. ಜೇಬಿಗೆ ಹಾಕಿದ ಕ್ಷಣ ಅದು ಯಾವ ಮಣ್ಣಿನದ್ದು, ಯಾವುದರ ಪಕ್ಕ ಇತ್ತು ಎಂಬುದೆಲ್ಲ ಹೋಯಿತು. ಹಳ್ಳಿಯ ಅರಳಿಕಟ್ಟೆಯಲ್ಲಿ ನಯವಾದ ಹಳೆ ಕೊಡಲಿಕಲ್ಲು ಕುಂಕುಮ ಹಚ್ಚಿಸಿಕೊಂಡು ಕೂತಿರುವುದೂ ಉಂಟು. ಅದು ಅಲ್ಲಿ ದೇವರು. ಎತ್ತಿ ನೋಡುವ ಆಸೆ ಬೇಡ, ಊರವರನ್ನು ಕೇಳಿ ಫೋಟೊ ಮಾತ್ರ ತೆಗೆದುಕೊಳ್ಳಿ. ಆ ಫೋಟೊ, ಜಾಗದ ವಿವರ ಎರಡನ್ನೂ ಪುರಾತತ್ವ ಇಲಾಖೆಗೆ ಕಳಿಸಿ.